ಹಾಡು ಬರೆದವರು ಯಾವ ಸೊಸೈಟಿಗೆ ಸೇರಬೇಕು?

ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿಯೂ ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರದಲ್ಲಿಯೂ ಹಾಡು ಕಟ್ಟುವ ಹುಡುಗ ಹುಡುಗಿಯರು ಈಗ ಊರಿಗೆ ನಾಲ್ಕಾರು ಮಂದಿಯಾದರೂ ಸಿಗುತ್ತಾರೆ. ಮನೆಯ ಮಾಳಿಗೆಯಲ್ಲಿ ಮೈಕು, ಲ್ಯಾಪ್‌ಟಾಪು ಇಟ್ಟುಕೊಂಡು, ಹಂಚಿನ ಮೇಲೆ ಮಳೆಯ ಸದ್ದು ನಿಂತ ಹೊತ್ತು ನೋಡಿ ಧ್ವನಿಮುದ್ರಣ ಮಾಡಿ, ಯೂಟ್ಯೂಬಿಗೂ ಸ್ಪಾಟಿಫೈಗೂ ಹಾಡನ್ನು ಏರಿಸುತ್ತಾರೆ. ನಾನು ಗೀತೆ ಬರೆಯುವವನು, ಕೆಲವಕ್ಕೆ ರಾಗವನ್ನೂ ಹಾಕಿದವನು ಎಂದು ತಿಳಿದಿರುವ ಇವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: 'ರಾಯಲ್ಟಿ ಬರಬೇಕಾದರೆ ಯಾವ ಸೊಸೈಟಿಗೆ ಸೇರಬೇಕು ಅಣ್ಣಾ?' ಹಾಡು ರೇಡಿಯೋದಲ್ಲೋ ಹೋಟೆಲಿನಲ್ಲೋ ಬಳಕೆಯಾದಾಗ ಹಕ್ಕುದಾರರ ಪರವಾಗಿ ಹಣ ವಸೂಲು ಮಾಡಿ ಅವರಿಗೆ ಹಂಚುವ ಸಂಸ್ಥೆ ಈ ಸೊಸೈಟಿ, ಹಾಗೆ ಬರುವ ಪಾಲು ರಾಯಲ್ಟಿ. ಈ ಪ್ರಶ್ನೆಗೆ ಒಂದು ಹೆಸರನ್ನು ಹೇಳಿ ಮುಗಿಸಿಬಿಡಬಹುದು. ಆದರೆ ಹಾಗೆ ಹೇಳಿ ಕಳಿಸಿದ ಪ್ರತಿ ಸಲವೂ ಹೇಳಬೇಕಾದದ್ದು ಉಳಿದುಹೋಯಿತು ಎಂಬ ಭಾವನೆ ನನ್ನನ್ನು ಬಿಡದೆ ಕಾಡಿದೆ. ಹಲವು ಸಂಸ್ಥೆಗಳು ಒಂದೇ ಕೆಲಸವನ್ನು ಪೈಪೋಟಿಯಿಂದ ಮಾಡುತ್ತಿವೆ, ಅವುಗಳಲ್ಲಿ ಹೆಚ್ಚು ಕೊಡುವ ಒಂದನ್ನು ಆರಿಸಿಕೊಂಡರೆ ಸಾಕು ಎಂಬ ನಂಬಿಕೆ ಆ ಪ್ರಶ್ನೆಯ ಒಳಗೇ ಇದೆ. ಭಾರತದಲ್ಲಿ ಹಾಡು ಬರೆಯುವವನ ಸ್ಥಿತಿ ಹಾಗಿಲ್ಲ.

ನಮ್ಮ ಕಡೆಯವರಿಗೆ ಈ ನಂಬಿಕೆ ಬರುವುದು ಸಹಜವೇ. ಅಡಿಕೆ ಬೆಳೆಗಾರ ಈ ವರ್ಷ ಒಂದು ಸೊಸೈಟಿಯ ವಖಾರಿಗೆ ಚೀಲ ಇಳಿಸುತ್ತಾನೆ, ದರ ಸರಿ ಬರಲಿಲ್ಲವೆಂದರೆ ಮುಂದಿನ ವರ್ಷ ಇನ್ನೊಂದಕ್ಕೆ ಒಯ್ಯುತ್ತಾನೆ. ಎರಡೂ ಕಡೆ ಷೇರು ಇಟ್ಟುಕೊಂಡವರೂ ಇದ್ದಾರೆ. ಅದರ ಜೊತೆಗೆ, ಅಂತರ್ಜಾಲದಲ್ಲಿ ಗೀತರಚನೆಕಾರರಿಗೆಂದು ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿ 1914ರಲ್ಲಿ ಹುಟ್ಟಿದ ಆಸ್ಕ್ಯಾಪ್ ಎಂಬ ಸೊಸೈಟಿ ಇದೆ. ಅದು ಕೇಳುತ್ತಿದ್ದ ದರ ಹೆಚ್ಚಾಯಿತೆಂದು ರೇಡಿಯೋ ಕಂಪನಿಗಳೇ ಮುಂದೆ ನಿಂತು 1939ರಲ್ಲಿ ಕಟ್ಟಿದ ಬಿಎಂಐ ಇದೆ. ಸೆಸ್ಯಾಕ್ ಎಂಬ ಇನ್ನೊಂದೂ ಇದೆ. ಮೂರೂ ಮಾಡುವುದು ಒಂದೇ ಕೆಲಸವಾದ್ದರಿಂದ ಅಲ್ಲಿನ ಗೀತರಚನೆಕಾರ ನಿಜಕ್ಕೂ ಆಯ್ಕೆ ಮಾಡಬೇಕಾಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯ 33ನೇ ಕಲಮು, ಒಂದು ವರ್ಗದ ಕೃತಿಗಳಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸೊಸೈಟಿಗಳನ್ನು ನೋಂದಾಯಿಸಬಾರದು ಎಂದು ಹೇಳುತ್ತದೆ. ಹಾಡಿನ ಸಾಹಿತ್ಯ ಮತ್ತು ಸಂಗೀತ ರಚನೆಯ ವರ್ಗಕ್ಕೆ ಹಾಗೆ ನೋಂದಾಯಿತವಾಗಿರುವುದು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಎಂದರೆ ಐಪಿಆರ್‌ಎಸ್. 1969ರಲ್ಲಿ ಮುಂಬೈಯಲ್ಲಿ ಆರಂಭವಾದ ಈ ಸಂಸ್ಥೆ, ತಿದ್ದುಪಡಿಯಾದ ಕಾಯಿದೆಯ ಅಡಿಯಲ್ಲಿ 2017ರ ನವೆಂಬರಿನಲ್ಲಿ ಹೊಸದಾಗಿ ನೋಂದಣಿ ಪಡೆಯಿತು. ಬರೆಯುವವರಿಗೂ ರಾಗ ಹಾಕುವವರಿಗೂ ಹೆಸರಿನ ಮಟ್ಟಿಗೆ ಉತ್ತರ ಇಷ್ಟೇ. ಇದಕ್ಕಿಂತ ದೊಡ್ಡ ಆಯ್ಕೆಗಳು ಬೇರೆ ಜಾಗದಲ್ಲಿವೆ.

ಒಂದು ಹಾಡು, ಹಲವು ಹಕ್ಕುದಾರರು

ಹೊನ್ನಾವರದ ಹುಡುಗಿಯೊಬ್ಬಳು ಶರಾವತಿಯ ಮೇಲೆ ಒಂದು ಗೀತೆ ಬರೆದಳು ಎಂದು ಇಟ್ಟುಕೊಳ್ಳೋಣ. ಅಂಕೋಲೆಯ ಗೆಳೆಯ ರಾಗ ಹಾಕಿದ, ಶಿರಸಿಯ ಗಾಯಕಿ ಹಾಡಿದಳು, ಕುಮಟೆಯ ಅಂಗಡಿಯವರೊಬ್ಬರು ಸ್ಟುಡಿಯೋ ಖರ್ಚನ್ನೆಲ್ಲ ಕೊಟ್ಟರು. ಕೇಳುವ ಕಿವಿಗೆ ಇದು ಒಂದೇ ಹಾಡು. ಕಾಯಿದೆಯ ಕಣ್ಣಿಗೆ ಇದರಲ್ಲಿ ಸಾಹಿತ್ಯ ಕೃತಿ ಬೇರೆ, ಸಂಗೀತ ಕೃತಿ ಬೇರೆ, ಧ್ವನಿಮುದ್ರಣ ಬೇರೆ, ಹಾಡಿದವಳ ಪ್ರದರ್ಶಕ ಹಕ್ಕು ಬೇರೆ. ಬರೆದವಳೂ ರಾಗ ಹಾಕಿದವನೂ ಹೋಗಬೇಕಾದದ್ದು ಐಪಿಆರ್‌ಎಸ್‌ಗೆ. ಹಾಡಿದವಳಿಗೆ 2013ರಲ್ಲಿ ಗಾಯಕರ ಸಂಘವಾಗಿ ನೋಂದಣಿಯಾದ, ಈಗ ಇಸಾಮ್ರಾ ಎಂದು ಕರೆಯಲ್ಪಡುವ ಸಂಸ್ಥೆಯಿದೆ. ಹಣ ಹಾಕಿ ಮುದ್ರಿಸಿಕೊಂಡವರು ಧ್ವನಿಮುದ್ರಣದ ಒಡೆಯರು. ಅವರ ವರ್ಗಕ್ಕೆ 2021ರಲ್ಲಿ ನೋಂದಣಿಯಾದ ಆರ್‌ಎಂಪಿಎಲ್ ಎಂಬ ಸೊಸೈಟಿ ಇದೆ, 1941ರಿಂದ ಇರುವ ಪಿಪಿಎಲ್ ಎಂಬ ಕಂಪನಿಯೂ ಇದೆ. ಇವುಗಳ ಹೆಸರನ್ನು ಒಟ್ಟಿಗೆ ಕೇಳಿದವರು ಇವು ಒಂದಕ್ಕೊಂದು ಬದಲಿ ಎಂದು ತಿಳಿಯುತ್ತಾರೆ. ಆದರೆ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿ, ತನ್ನದೇ ದುಡ್ಡಿನಲ್ಲಿ ಮುದ್ರಿಸಿಕೊಂಡ ಒಬ್ಬನಿಗೆ ಒಂದೇ ಹಾಡಿನಿಂದ ಬೇರೆ ಬೇರೆ ದಾರಿಯಲ್ಲಿ ಪಾಲು ಬರಬೇಕಾಗಿರುತ್ತದೆ, ಒಂದು ದಾರಿಯ ಸದಸ್ಯತ್ವ ಇನ್ನೊಂದರ ಹಣವನ್ನು ತರುವುದಿಲ್ಲ.

ಇಲ್ಲಿಯೇ ಹೊಸಬರು ನಷ್ಟ ಅನುಭವಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಡನ್ನು ಸ್ಟ್ರೀಮಿಂಗ್ ವೇದಿಕೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕಂಪನಿಯಿಂದ ತಿಂಗಳು ತಿಂಗಳು ಸ್ವಲ್ಪ ಹಣ ಬರುತ್ತಿರುತ್ತದೆ. ರಾಯಲ್ಟಿ ಬರುತ್ತಿದೆಯಲ್ಲ ಎಂದು ಅವರು ಸಮಾಧಾನದಿಂದ ಇರುತ್ತಾರೆ. ಆ ಹಣ ಧ್ವನಿಮುದ್ರಣದ ಬಾಬ್ತು ಬಂದದ್ದು. ಅದೇ ವೇದಿಕೆ ಸಾಹಿತ್ಯಕ್ಕೂ ಸಂಗೀತ ರಚನೆಗೂ ಪ್ರತ್ಯೇಕವಾಗಿ ಕೊಡುವ ಪಾಲು ಸೊಸೈಟಿಯ ಮೂಲಕ ಬರಬೇಕು. ಬರೆದವನು ಅಲ್ಲಿ ಸದಸ್ಯನಾಗಿ ಆ ಹಾಡನ್ನು ತನ್ನ ಹೆಸರಿನಲ್ಲಿ ದಾಖಲಿಸದಿದ್ದರೆ ಅದು ಅವನನ್ನು ತಲುಪಲು ದಾರಿಯೇ ಇಲ್ಲ. ಧ್ವನಿಮುದ್ರಣಕ್ಕೆ ಡಿಸ್ಟ್ರಿಬ್ಯೂಟರ್ ಕೊಡುವ ಐಎಸ್‌ಆರ್‌ಸಿ ಸಂಖ್ಯೆ ಬೇರೆ, ಕೃತಿಗೆ ಸಿಗುವ ಐಎಸ್‌ಡಬ್ಲ್ಯೂಸಿ ಸಂಖ್ಯೆ ಬೇರೆ, ಬರೆದವನನ್ನು ಗುರುತಿಸುವ ಐಪಿಐ ಸಂಖ್ಯೆ ಬೇರೆ ಎಂಬುದನ್ನು ಒಮ್ಮೆ ತಿಳಿದುಕೊಂಡರೆ ಯಾವ ಹಣ ಯಾವ ಕಡೆಯಿಂದ ಬಂತು, ಯಾವುದು ಬರಲಿಲ್ಲ ಎಂದು ಯಾರಾದರೂ ಪತ್ತೆ ಮಾಡಿಕೊಳ್ಳಬಹುದು.

ಜಗಲಿಯ ಮೇಲಿನ ಎರಡು ರಸೀದಿ

ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಕ್ಯಾಸೆಟ್ಟುಗಳ ಕಾಲದಲ್ಲಿ ಭಕ್ತಿಗೀತೆ, ಭಾವಗೀತೆಗಳನ್ನು ಬರೆದ ಹಿರಿಯರೊಬ್ಬರಿದ್ದಾರೆ. ಅವರ ಹಾಡುಗಳನ್ನು ನಮ್ಮ ಸೀಮೆಯ ಭಜನಾ ಮಂಡಳಿಗಳವರು ಈಗಲೂ ಹಾಡುತ್ತಾರೆ. ಬರೆದವರು ಇಲ್ಲೇ ಬದುಕಿದ್ದಾರೆ ಎಂಬುದು ಹಾಡುವವರಲ್ಲಿ ಹಲವರಿಗೆ ಗೊತ್ತಿಲ್ಲ. ಒಂದು ಸಂಜೆ ಅವರ ಜಗಲಿಯಲ್ಲಿ ಕುಳಿತಿದ್ದಾಗ ಈ ವಿಷಯ ಬಂತು. ಅವರು ಒಳಗೆ ಹೋಗಿ ಹಳೆಯ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟಿದ್ದ ಎರಡು ಕಾಗದಗಳನ್ನು ತಂದರು. ಎರಡೂ ರೆವಿನ್ಯೂ ಸ್ಟ್ಯಾಂಪು ಹಚ್ಚಿ ಸಹಿ ಮಾಡಿದ ರಸೀದಿಗಳು. 'ಸದರಿ ಗೀತೆಗಳ ಬಗ್ಗೆ ಸಂಭಾವನೆ ಪೂರ್ತಿ ಮುಟ್ಟಿದೆ, ಇನ್ನು ಮುಂದೆ ನನ್ನದು ಯಾವ ಹಕ್ಕೂ ಇರುವುದಿಲ್ಲ' ಎಂಬ ಅರ್ಥದ ನಾಲ್ಕು ಸಾಲುಗಳು ಬಿಟ್ಟರೆ ಅವುಗಳಲ್ಲಿ ಬೇರೇನೂ ಇರಲಿಲ್ಲ. ಇದನ್ನು ಓದಿ ಸಹಿ ಹಾಕಿದಿರಾ ಎಂದು ಕೇಳಿದೆ. 'ಅದೆಲ್ಲ ಯಂಗಕ್ಕೆ ಎಲ್ಲಿ ಗೊತ್ತಿತ್ತು ತಮಾ, ಸಹಿ ಹಾಕು ಹೇಳಿದ, ಹಾಕಿದಿ' ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ತನ್ನ ಹಾಡು ಕ್ಯಾಸೆಟ್ಟಿನಲ್ಲಿ ಬಂದಿತು, ಹೊದಿಕೆಯ ಮೇಲೆ ಸಣ್ಣ ಅಕ್ಷರದಲ್ಲಿಯಾದರೂ ಹೆಸರು ಬಂದಿತು ಎಂಬ ಸಂತೋಷವನ್ನೇ ಅವರು ಇನ್ನೂ ನೆನೆಯುತ್ತಿದ್ದರು.

ನಾನು ನೋಡಿದ್ದು ತಾರೀಖುಗಳನ್ನು. ಒಂದು ರಸೀದಿ ತೊಂಬತ್ತರ ದಶಕದ ಆರಂಭದ್ದು, ಇನ್ನೊಂದು ಅದೇ ದಶಕದ ಕೊನೆಯದು. ಓದುವವರಿಗೆ ಎರಡೂ ಒಂದೇ ಬಗೆಯ ಕಾಗದ. ಕಾನೂನಿನಲ್ಲಿ ಅವುಗಳ ನಡುವೆ ಬಹಳ ಅಂತರವಿದೆ. ಕೃತಿಸ್ವಾಮ್ಯ ಕಾಯಿದೆಯ 1994ರ ತಿದ್ದುಪಡಿ 1995ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಆ ನಂತರದ ಯಾವುದೇ ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ 19ನೇ ಕಲಮು ಹೇಳುತ್ತದೆ. ಅದಕ್ಕೂ ಮೊದಲಿನ ಪತ್ರಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಎಂದ ಮೇಲೆ ಅವಧಿಯ ಮಾತೇ ಇಲ್ಲದ ಆ ಎರಡನೆಯ ರಸೀದಿಯ ಹಾಡುಗಳು ಎಂದೋ ಅವರ ಕೈಗೆ ಮರಳಿವೆ ಎಂದು ವಾದಿಸಲು ಗಟ್ಟಿಯಾದ ಆಧಾರವಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವು ಯಾರದೋ ಸ್ವತ್ತು ಎಂದು ನಂಬಿ ಅವರು ಸುಮ್ಮನಿದ್ದರು. ಆ ಸಂಜೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಓದು ಬರಹ ಬಲ್ಲ, ನೂರಾರು ಪದ್ಯಗಳನ್ನು ಕಟ್ಟಿದ ಮನುಷ್ಯನಿಗೆ ತನ್ನ ಪದ್ಯದ ಒಡೆತನದ ಬಗ್ಗೆ ನಾಲ್ಕು ಮಾತು ತಿಳಿಸುವವರು ಒಬ್ಬರೂ ಇರಲಿಲ್ಲವಲ್ಲ.

ಸಿನಿಮಾ ಹಾಡಿನ ಕಥೆಯೂ ಬಹುಕಾಲ ಇದೇ ಆಗಿತ್ತು. ನಿರ್ಮಾಪಕ ಹಣ ಕೊಟ್ಟು ಬರೆಸಿಕೊಂಡ ಹಾಡಿನ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ ನಿರ್ಮಾಪಕನದೇ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಐಪಿಆರ್‌ಎಸ್‌ನ ಮೊಕದ್ದಮೆಯಲ್ಲೇ ತೀರ್ಪು ಕೊಟ್ಟಿತ್ತು. 2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ ಈ ಸ್ಥಿತಿಯನ್ನು ಬದಲಿಸಿತು. ಅಂದಿನಿಂದ ಸಾಹಿತಿಯಾಗಲಿ ಸಂಯೋಜಕನಾಗಲಿ ತನ್ನ ಹಕ್ಕನ್ನು ಕಂಪನಿಗೆ ವರ್ಗಾಯಿಸಿದರೂ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟ ಕರಾರು ಆ ಮಟ್ಟಿಗೆ ಅನೂರ್ಜಿತ. ಸಿನಿಮಾಕ್ಕೆ ಸೇರದ ಬಿಡಿ ಹಾಡುಗಳಿಗೂ ಇದೇ ನಿಯಮ. ಇದರ ಹಿಂದೆ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ಮಾತನಾಡಿದ ಜಾವೇದ್ ಅಖ್ತರ್ ಅವರು ಮುಂದೆ ಐಪಿಆರ್‌ಎಸ್‌ನ ಅಧ್ಯಕ್ಷರಾದರು. ಸೊಸೈಟಿಯ ಆಡಳಿತ ಮಂಡಳಿಯಲ್ಲಿ ರಚನೆಕಾರರೂ ಕಂಪನಿಯವರೂ ಸಮಸಂಖ್ಯೆಯಲ್ಲಿ ಇರಬೇಕು ಎಂಬುದೂ ಅದೇ ತಿದ್ದುಪಡಿಯಿಂದ ಬಂದದ್ದು. ಹಕ್ಕು ಪುಸ್ತಕದಲ್ಲಿ ಬಂದ ಮಾತ್ರಕ್ಕೆ ಹಣ ಕೈಗೆ ಬರಲಿಲ್ಲ. ಎಫ್‌ಎಂ ಕೇಂದ್ರಗಳು ಧ್ವನಿಮುದ್ರಣಕ್ಕೆ ಕೊಡುವುದರ ಜೊತೆಗೆ ಸಾಹಿತ್ಯ, ಸಂಗೀತ ರಚನೆಗಳಿಗೂ ಪ್ರತ್ಯೇಕವಾಗಿ ರಾಯಲ್ಟಿ ಕೊಡಬೇಕು ಎಂದು ಬಾಂಬೆ ಹೈಕೋರ್ಟ್ ಹೇಳುವಾಗ 2023 ಬಂದಿತ್ತು.

ಜನಪದದ ಮಟ್ಟು ಯಾರ ಹೆಸರಿನಲ್ಲಿ?

ಕರಾವಳಿಯಲ್ಲಿ ಹಾಡು ಕಟ್ಟುವವರು ಸದಸ್ಯತ್ವದ ಅರ್ಜಿಗಿಂತ ಮೊದಲು ಯೋಚಿಸಬೇಕಾದ ಒಂದು ಸಂಗತಿ ಇದೆ, ನನ್ನ ಮಟ್ಟಿಗೆ ಅದು ಹಣದ ವಿಚಾರಕ್ಕಿಂತ ಮುಖ್ಯ. ಇಲ್ಲಿ ಹೊಸದೆಂದು ಬರುವ ಹಾಡುಗಳಲ್ಲಿ ಎಷ್ಟೋ ಹಾಡುಗಳ ಮಟ್ಟು ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಹಾಡಿನದು, ಮದುವೆಯ ಹಾಡಿನದು, ಇಲ್ಲವೇ ಅಜ್ಜಿಯರು ಹಸೆ ಬರೆಯುವಾಗ ಹಾಡುತ್ತಿದ್ದ ಹಾಡಿನದು. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಆ ಹಾಡುಗಳಿಗೆ ಹೊರಗಿನ ಕಿವಿಗಳು ಹೆಚ್ಚಿದವು, ಅವನ್ನು ಗಿಟಾರಿಗೂ ಕೀಬೋರ್ಡಿಗೂ ಹೊಂದಿಸುವವರೂ ಹೆಚ್ಚಿದರು. ಹೊಂದಿಸುವುದು ತಪ್ಪಲ್ಲ, ಹೊಸ ವಾದ್ಯ ಸಂಯೋಜನೆ ಮಾಡಿದವನ ಶ್ರಮಕ್ಕೆ ಅದರದೇ ಬೆಲೆ ಇದೆ. ಆದರೆ ಸೊಸೈಟಿಯ ದಾಖಲೆಯಲ್ಲಿ 'ಸಂಯೋಜಕ' ಎಂಬ ಕಡೆ ತನ್ನ ಹೆಸರನ್ನಷ್ಟೇ ಬರೆದು, ಪಾರಂಪರಿಕ ಎಂಬ ಮಾತನ್ನು ಬಿಟ್ಟರೆ, ತಲೆಮಾರುಗಳಿಂದ ಗದ್ದೆಯಲ್ಲಿ ಹಾಡಿಕೊಂಡು ಬಂದ ಹೆಂಗಸರ ಮಟ್ಟು ಒಂದು ಕಾಗದದ ಮೇಲೆ ಒಬ್ಬನ ಸ್ವತ್ತಾಗುತ್ತದೆ. ಅದರ ಮೇಲೆ ಬರುವ ಪ್ರತಿ ರೂಪಾಯಿಯೂ ಅವನದಲ್ಲ. ಇದನ್ನು ನಾನು ಕೇಳಲು ಬಂದ ಎಲ್ಲರಿಗೂ ಮೊದಲು ಹೇಳುತ್ತೇನೆ.

ಹಾಡಿಗೆ ಕರ್ತೃ ಇಲ್ಲದಿದ್ದರೂ ಹಾಡಿದವರಿಗೆ ಹಕ್ಕಿದೆ ಎಂಬುದು ಇದರ ಇನ್ನೊಂದು ಬದಿ. ಪಾರಂಪರಿಕ ಹಾಡನ್ನು ಹಾಡುವ ಹಿರಿಯ ಹೆಂಗಸೊಬ್ಬಳ ದನಿಯನ್ನು ಮುದ್ರಿಸಿಕೊಂಡು ವಾಣಿಜ್ಯಕ್ಕೆ ಬಳಸಿದರೆ ಆಕೆ ಪ್ರದರ್ಶಕಿಯಾಗಿ ರಾಯಲ್ಟಿಗೆ ಅರ್ಹಳು. ಪ್ರದರ್ಶಕರ ಹಕ್ಕು 50 ವರ್ಷ ಉಳಿಯುತ್ತದೆ. ಸೀರೆ ಉಡಿಸಿ, ಊಟ ಹಾಕಿ, ಕೈಯಲ್ಲಿ ಒಂದಿಷ್ಟು ಹಣವಿಟ್ಟು ಕಳಿಸುವುದೇ ಗೌರವ ಎಂದು ತಿಳಿದಿರುವ ನಮ್ಮ ಸಾಂಸ್ಕೃತಿಕ ವಲಯ ಇದನ್ನು ಇನ್ನೂ ಮನಸ್ಸಿಗೆ ತೆಗೆದುಕೊಂಡಿಲ್ಲ.

ಹಕ್ಕಿನ ಅವಧಿಯ ಮಾತು ಬಂದಾಗ ಕಾರವಾರದವರು ನೆನೆಯಬೇಕಾದ ಒಂದು ಸಂಗತಿ ಇದೆ. ಇಪ್ಪತ್ತೆರಡರ ಹರೆಯದಲ್ಲಿ ನಮ್ಮ ಕಡಲ ದಂಡೆಯಲ್ಲಿ ಅಣ್ಣನ ಮನೆಗೆ ಬಂದು ತಂಗಿದ್ದ ರವೀಂದ್ರನಾಥ ಟಾಗೋರರು 1941ರಲ್ಲಿ ತೀರಿಕೊಂಡರು. ಆಗಿನ ನಿಯಮದಂತೆ ಐವತ್ತು ವರ್ಷ ಕಳೆದು 1991ರ ಕೊನೆಗೆ ಅವರ ಕೃತಿಗಳ ಹಕ್ಕು ಮುಗಿಯಬೇಕಿತ್ತು. ಅದು ಮುಗಿಯುವ ಹೊತ್ತಿಗೆ ಭಾರತ ಸರಕಾರ ಅವಧಿಯನ್ನೇ 60 ವರ್ಷಕ್ಕೆ ಏರಿಸಿತು. ಇವತ್ತು ಶಿರಸಿಯ ಮೂಲೆಯಲ್ಲಿ ಹಾಡು ಬರೆಯುವವನಿಗೂ ಮರಣಾನಂತರ 60 ವರ್ಷ ಎಂಬ ಅವಧಿ ಸಿಗುವುದು ಹಾಗೆ. ನಾವು ಸಹಿ ಹಾಕಿ ಕೊಡುವುದು ನಮ್ಮ ಆಯುಷ್ಯದ ಲೆಕ್ಕವನ್ನು ಮಾತ್ರವಲ್ಲ, ಮೊಮ್ಮಕ್ಕಳ ಕಾಲದ ಲೆಕ್ಕವನ್ನು ಕೂಡ.

ಯಕ್ಷಗಾನ ಪ್ರಸಂಗ ಬರೆಯುವವರು

ಪ್ರಸಂಗ ಬರೆಯುವವರಿಗೆ ಬೇರೆ ಮಾತು ಹೇಳಬೇಕು. ಪ್ರಸಂಗದಲ್ಲಿ ಪದ್ಯವಿದೆ, ರಾಗತಾಳವಿದೆ, ಆದ್ದರಿಂದ ಹಾಡಿನ ಸೊಸೈಟಿಗೆ ಸೇರಬಹುದು ಎಂದು ತೋರುತ್ತದೆ. ಆದರೆ ಸಂಗೀತದ ಸೊಸೈಟಿಗಳು ನೋಡಿಕೊಳ್ಳುವುದು ಬಿಡಿ ಹಾಡುಗಳ ಬಳಕೆಯನ್ನು. ಇಡೀ ಆಟದ ಪ್ರದರ್ಶನಕ್ಕೆ ಅನುಮತಿ ಕೊಡುವುದು, ಅದಕ್ಕೆ ಸಂಭಾವನೆ ಗೊತ್ತು ಮಾಡುವುದು ಪ್ರಸಂಗಕರ್ತ ಮತ್ತು ಮೇಳದ ಯಜಮಾನರ ನಡುವಿನ ವ್ಯವಹಾರ. ರಂಗಪ್ರಕಾರಗಳಲ್ಲಿ ಈ ಹಕ್ಕು ಎಷ್ಟು ಗಟ್ಟಿ ಎಂಬುದಕ್ಕೆ ಕೋಟ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಮೊಕದ್ದಮೆಯೇ ಸಾಕ್ಷಿ. ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ಅನುಮತಿಯಿಲ್ಲದೆ ನಡೆದ ಪ್ರದರ್ಶನದ ವಿರುದ್ಧ ಹೋರಾಡಿ ತಡೆಯಾಜ್ಞೆ ಪಡೆದರು. 2009ರಲ್ಲಿ ಸುಪ್ರೀಂ ಕೋರ್ಟ್, ಕಾಯಿದೆಯೇ ಬಿಟ್ಟುಕೊಟ್ಟಿರುವ ವಿನಾಯಿತಿಗಳನ್ನು ಸ್ಪಷ್ಟಪಡಿಸಿ, ಆ ಆದೇಶವನ್ನು ಉಳಿಸಿತು. ಬಡಗುತಿಟ್ಟಿನಲ್ಲಿ ಹೊಸ ಪ್ರಸಂಗಗಳು ಬರುತ್ತಲೇ ಇವೆ, ಆಟದ ವಿಡಿಯೋಗಳನ್ನು ಲಕ್ಷಾಂತರ ಜನ ನೋಡುತ್ತಾರೆ. ಬರೆದವರೊಂದಿಗೆ ಒಂದು ಪುಟದ ಕರಾರನ್ನಾದರೂ ಮಾಡಿಕೊಳ್ಳುವ ರೂಢಿ ಮೇಳಗಳಲ್ಲಿ ಬೆಳೆಯಲೇಬೇಕು.

ಸೇರುವ ಮುನ್ನ ಓದಬೇಕಾದದ್ದು

ಐಪಿಆರ್‌ಎಸ್ ಸೇರುವ ಕೆಲಸವೇನೂ ಕಷ್ಟದ್ದಲ್ಲ. ಪ್ಯಾನ್, ಬ್ಯಾಂಕ್ ಖಾತೆಯ ವಿವರ, ಬಿಡುಗಡೆಯಾದ ಒಂದು ಹಾಡು ಕೈಯಲ್ಲಿದ್ದರೆ ಊರಲ್ಲಿ ಕುಳಿತೇ ಅರ್ಜಿ ಹಾಕಬಹುದು. ಬರೆಯುವ, ರಾಗ ಹಾಕುವ ಎರಡೂ ಕೆಲಸ ಮಾಡುವವರು ಎರಡೂ ನೆಲೆಯಲ್ಲಿ ಹೆಸರು ಕೊಡಬೇಕು. ಗಮನವಿಟ್ಟು ಓದಬೇಕಾದದ್ದು ಹಕ್ಕು ವರ್ಗಾವಣೆಯ ಪತ್ರವನ್ನು. ಸದಸ್ಯನಾದವನು ತನ್ನ ಹಾಡುಗಳ ಸಾರ್ವಜನಿಕ ಪ್ರದರ್ಶನದ ಹಕ್ಕನ್ನು, ಪ್ರತಿ ಮಾಡುವ ಹಕ್ಕನ್ನು ನಿರ್ವಹಣೆಗಾಗಿ ಸೊಸೈಟಿಗೆ ಒಪ್ಪಿಸುತ್ತಾನೆ. ಮುಂದೆ ಬರೆಯುವ ಹಾಡುಗಳೂ ಅದರಲ್ಲಿ ಸೇರುತ್ತವೆ. ಆ ಮೇಲೆ ಗೋಕರ್ಣದ ರೆಸಾರ್ಟಿನವರೋ ಕಾರವಾರದ ಹೋಟೆಲಿನವರೋ ಪರಿಚಯದ ಮೇಲೆ 'ನಿಮ್ಮ ಹಾಡು ಹಾಕಿಕೊಳ್ಳಲೇ' ಎಂದು ಕೇಳಿದರೆ, ಬಾಯಿಮಾತಿನಲ್ಲಿ ಹೂಂ ಎನ್ನುವ ಸ್ವಾತಂತ್ರ್ಯ ಅವನಿಗೆ ಉಳಿಯುವುದಿಲ್ಲ. ಅವರು ಸೊಸೈಟಿಯ ಪರವಾನಗಿ ಪಡೆಯಬೇಕು. ಇದು ಕೆಲವರಿಗೆ ಬೇಡವೆನಿಸಬಹುದು. ಒಬ್ಬಂಟಿ ಬರಹಗಾರ ದೇಶದ ಎಲ್ಲ ಹೋಟೆಲು, ರೇಡಿಯೋ, ವೇದಿಕೆಗಳ ಬೆನ್ನು ಹತ್ತಲಾರ ಎಂಬ ಕಾರಣಕ್ಕೆ ನಾನು ಅದನ್ನು ಒಪ್ಪಿಕೊಂಡಿದ್ದೇನೆ. ಕೊಟ್ಟ ಅಧಿಕಾರವನ್ನು ಹಿಂಪಡೆಯುವ ಅವಕಾಶವನ್ನೂ 34ನೇ ಕಲಮು ಕೊಟ್ಟಿದೆ. ಲಂಡನ್ನಿನ ಪಿಆರ್‌ಎಸ್‌ನಂತಹ ಹೊರದೇಶದ ಸೊಸೈಟಿಗಳ ಜೊತೆ ಐಪಿಆರ್‌ಎಸ್‌ಗೆ ಪರಸ್ಪರ ಒಪ್ಪಂದ ಇರುವುದರಿಂದ, ಅಲ್ಲಿ ನಮ್ಮ ಹಾಡು ಬಳಕೆಯಾದ ಹಣವೂ ಇದೇ ದಾರಿಯಲ್ಲಿ ಬರುತ್ತದೆ. ನಮ್ಮಂತಹವರು ನೇರವಾಗಿ ಹೊರದೇಶದ ಸಂಸ್ಥೆ ಸೇರುವ ಅಗತ್ಯ ನನಗೆ ಕಾಣುವುದಿಲ್ಲ.

ಎಲ್ಲ ಕಡೆಯಿಂದಲೂ ಹಣ ಬರುತ್ತದೆ ಎಂಬ ಭ್ರಮೆಯೂ ಇರಬಾರದು. ಮಾರಿಕಾಂಬೆಯ ಜಾತ್ರೆಯ ಧಾರ್ಮಿಕ ವಿಧಿಗಳಲ್ಲಿ, ಮದುವೆಯ ದಿಬ್ಬಣದಲ್ಲಿ, ಸರಕಾರದ ಅಧಿಕೃತ ಸಮಾರಂಭದಲ್ಲಿ ಹಾಡಿದರೆ ಅದು ಉಲ್ಲಂಘನೆಯಲ್ಲ ಎಂದು 52ನೇ ಕಲಮು ಹೇಳುತ್ತದೆ. ಅದು ಇರಬೇಕಾದದ್ದೇ. ದೇವಿಯ ಎದುರು ಹಾಡಿದ ಹಾಡಿಗೆ ಲೆಕ್ಕ ಕೇಳುವ ಮನಸ್ಸು ನಮ್ಮಲ್ಲಿ ಯಾರಿಗೂ ಇಲ್ಲ.

ಐಪಿಆರ್‌ಎಸ್‌ನ ಹಂಚಿಕೆಯಲ್ಲಿ, ಹಾಡಿಗೆ ಪ್ರಕಾಶಕ ಕಂಪನಿ, ಎಂದರೆ ಸಾಹಿತ್ಯ, ಸಂಗೀತ ರಚನೆಯ ಹಕ್ಕನ್ನು ಬರೆಸಿಕೊಂಡ ಕಂಪನಿ, ಇದ್ದರೆ ಅರ್ಧ ಪಾಲು ಅದಕ್ಕೆ, ಉಳಿದರ್ಧ ಸಾಹಿತಿಗೂ ಸಂಯೋಜಕನಿಗೂ ಸಮನಾಗಿ, ಎಂದರೆ ನೂರಕ್ಕೆ ಇಪ್ಪತ್ತೈದರಂತೆ ಹೋಗುತ್ತದೆ. ಪ್ರಕಾಶಕರೇ ಇಲ್ಲದ ಹಾಡಿನ ಪೂರ್ತಿ ಪಾಲು ಇವರಿಬ್ಬರದು. ಆದ್ದರಿಂದ ಹಾಡನ್ನು ತಮ್ಮ ಚಾನೆಲ್ಲಿನಲ್ಲಿ ಏರಿಸುತ್ತೇವೆ ಎಂದು ಬರುವ ಸಣ್ಣ ಕಂಪನಿಯ ಕರಾರಿನಲ್ಲಿ 'ಪ್ರಕಾಶನದ ಹಕ್ಕು' ಎಂಬ ಸಾಲು ಎಲ್ಲಿದೆ ಎಂದು ಹುಡುಕಿ ನೋಡಿ, ಆ ಅರ್ಧಕ್ಕೆ ಬದಲಾಗಿ ಅವರು ಏನು ಮಾಡುತ್ತಾರೆ ಎಂದು ನೇರವಾಗಿ ಕೇಳಬೇಕು. ಏರಿಸುವುದೊಂದೇ ಕೆಲಸವಾದರೆ ಆ ಸಾಲನ್ನು ಹೊಡೆದುಹಾಕಿಸಿ ಸಹಿ ಮಾಡಬೇಕು, ಒಪ್ಪದಿದ್ದರೆ ಹಾಡನ್ನು ಮನೆಗೆ ತರಬೇಕು. ಇದಕ್ಕಿಂತ ಮೊದಲು, ಧ್ವನಿಮುದ್ರಣ ಮುಗಿದ ದಿನವೇ, ಸ್ಟುಡಿಯೋದಿಂದ ಹೊರಡುವ ಮುಂಚೆ, ಬರೆದವರು ಯಾರು, ರಾಗ ಯಾರದು, ಮಟ್ಟು ಪಾರಂಪರಿಕವೇ, ಯಾರಿಗೆ ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ತಾರೀಖು ನಮೂದಿಸಿ, ತಲಾ ಒಂದು ಫೋಟೋ ತೆಗೆದುಕೊಂಡು ಹೋಗಬೇಕು. ಗೆಳೆತನ ಗಟ್ಟಿಯಾಗಿರುವಾಗ ಈ ಮಾತು ಆಡುವುದು ಸುಲಭ, ಹಾಡು ಹೆಸರು ಮಾಡಿದ ಮೇಲೆ ಕಷ್ಟ. ಸದಸ್ಯತ್ವದ ಅರ್ಜಿಯಲ್ಲಿ ನಾಮಿನಿಯ ಕಾಲಮ್ಮನ್ನು ಖಾಲಿ ಬಿಡದೆ ತುಂಬಿ, ತುಂಬಿದ್ದೇನೆ ಎಂಬುದನ್ನು ಮನೆಯವರಿಗೂ ತಿಳಿಸಿಡಬೇಕು. ಬನವಾಸಿ ದಾರಿಯ ಆ ಹಿರಿಯರ ಮಗಳಿಗೆ ನಾನು ಈ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ಎರಡನೆಯ ರಸೀದಿಯನ್ನು ಶಿರಸಿಯ ವಕೀಲರೊಬ್ಬರಿಗೆ ತೋರಿಸಿ, ಅಪ್ಪನ ಹೆಸರಿನಲ್ಲಿ ಸದಸ್ಯತ್ವದ ಅರ್ಜಿ ಹಾಕುವ ಕೆಲಸವನ್ನು ಅವಳು ಆರಂಭಿಸಿದ್ದಾಳೆ.